ಹುಲಗೆಮ್ಮನ ದವಡೆ ಮತ್ತು ಎರಡು ಬಾಳೆಪಟ್ಟೆ

“ಇನ್ನೊಮ್ಮೆ ಕಡಿ. ಈ ಸಲ ಸಮಾಧಾನಲೆ ಕಡಿ, ಸಿಟ್ಟಿಲೆ ಕಡೀಬ್ಯಾಡ!”

“ಎಷ್ಟ್ ಸಲ ಕಡೀಲಿ ಮೆಹರಾಜಾ? ಇದೇನ್ ಕಬ್ಬ ಅಂತ ಮಾಡೀ ಏನ?”

“ಕಬ್ಬಾಗಿದ್ರ ನಿನಗ್ಯಾಕ ಕೊಡ್ತಿದ್ದೆ, ನಾನ ತಿಂತಿದ್ದೆ. ಸುಮ್ನ ಕಡಿ!”

ಮೆಹರಾಜ ಬಾಳೆದಿಂಡಿನಿಂದ ಈಗಷ್ಟೇ ಸುಲಿದ, ಇನ್ನೂ ನೀರು ಜಿನುಗುತ್ತಿದ್ದ ಬೆಳ್ಳನೆಯ ಪಟ್ಟೆಯೊಂದನ್ನು ಗೆಳತಿ ಹುಲಗೆಮ್ಮನ ಬಾಯಿಗೆ ಕೊಳಲಿನಂತೆ ಅಡ್ಡ ಹಿಡಿದಳು. ಇದು ಮೂರನೇ ಪಟ್ಟೆ! ಹುಲಗೆಮ್ಮ ಕಣ್ಣು ಮುಚ್ಚಿ ಮುಂದಿನ ಹಲ್ಲುಗಳಿಂದ ಕಚ್ಚಿ ಬಿಟ್ಟಳು. ಪಟ್ಟೆಯ ಮೇಲ್ಗಡೆ ಮೇಲಿನ ಹಲ್ಲುಗಳ ಸಾಲು ಮೂಡಿತು, ಕೆಳಗಡೆ ಕೆಳಗಿನ ಹಲ್ಲುಗಳ ಸಾಲು. ಬಿಸಿಲಿಗೆ ಹಿಡಿದರೆ ಎರಡೂ ಸಾಲು ಒಟ್ಟಿಗೇ ಕಾಣುತ್ತವೆ, ನಡುವಿನ ಸಂದೂ ಕಾಣುತ್ತದೆ. ಮೆಹರಾಜ ಆ ಸಂದಿನಲ್ಲಿ ಒಂದು ಸಾಸಿವೆ ಕಾಳು ಇಟ್ಟಳು. ಹಿಡಿಯಿತು. ಇನ್ನೊಂದು ಇಟ್ಟಳು. ಅದೂ ಹಿಡಿಯಿತು.

“ಎರಡು,” ಅಂದಳು ಸಣ್ಣ ದನಿಯಲ್ಲಿ.

ಪಕ್ಕದಲ್ಲೇ ಹಳೆಯ ಪಟ್ಟೆ ಇತ್ತು. ಹತ್ತು ತಿಂಗಳ ಹಿಂದೆ ಹಲ್ಲಿನ ತಂತಿ ಬಿಚ್ಚಿದ ದಿನ ಹುಲಗೆಮ್ಮ ಖುಷಿಗೆ ಕಚ್ಚಿ, ಪೆನ್ನಿನಿಂದ ತಾರೀಖು ಬರೆದು, ಕಾಗದಪತ್ರದ ತಗಡಿನ ಡಬ್ಬಿಯಲ್ಲಿ ಜೋಪಾನ ಮಾಡಿಟ್ಟಿದ್ದ ಪಟ್ಟೆ. ಇವತ್ತು ಬೆಳಗ್ಗೆ ಆಧಾರ್ ಕಾರ್ಡಿನ ಝೆರಾಕ್ಸ್ ಹುಡುಕುವಾಗ ಅದು ಕೈಗೆ ಸಿಕ್ಕಿತ್ತು. ಅದರ ಸಂದಿನಲ್ಲಿ ಹಿಡಿಯುವುದು ಒಂದೇ ಒಂದು ಸಾಸಿವೆ ಕಾಳು.

ಆನೆಗೊಂದಿಯ ಆ ಬಾಳೆನಾರಿನ ಶೆಡ್ಡಿನಲ್ಲಿ ಬುಟ್ಟಿ, ಚೀಲ, ಟೋಪಿ ಹೆಣೆಯುತ್ತಿದ್ದ ಹನ್ನೊಂದು ಜನ ಹೆಂಗಸರೂ ಕೈ ನಿಲ್ಲಿಸಿದರು. ಒಂದು ಇದ್ದದ್ದು ಎರಡಾಗಿದೆ ಅಂದರೆ ಅರ್ಥ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಲಗೆಮ್ಮನ ದವಡೆ ಹಿಂದಕ್ಕೆ ಹೋಗುತ್ತಿದೆ! ಆಪರೇಷನ್ ಮಾಡಿ ಮುಂದಕ್ಕೆ ತಂದು ಕೂರಿಸಿದ ದವಡೆ, ತನ್ನ ಹಳೇ ಜಾಗಕ್ಕೆ ಹೊರಟುಬಿಟ್ಟಿದೆ!

ಹುಲಗೆಮ್ಮನ ಕೈ ತಾನಾಗಿಯೇ ಮೇಲೆದ್ದು ಬಾಯಿ ಮುಚ್ಚಿಕೊಂಡಿತು. ಒಂದೂವರೆ ವರ್ಷದಿಂದ ಆ ಕೈ ಆ ಕೆಲಸವನ್ನೇ ಮರೆತಿತ್ತು.

ಅದಕ್ಕೂ ಮುಂಚೆ ಇಪ್ಪತ್ತಮೂರು ವರ್ಷ ಅದಕ್ಕೆ ಅದೇ ಕೆಲಸ. ಹುಲಗೆಮ್ಮನ ಕೆಳಗಿನ ದವಡೆ ಚಿಕ್ಕಂದಿನಲ್ಲೇ ಬೆಳೆಯುವುದನ್ನು ಎಲ್ಲೋ ಅರ್ಧಕ್ಕೆ ನಿಲ್ಲಿಸಿಬಿಟ್ಟಿತ್ತು. ಮೇಲಿನ ಹಲ್ಲು ಮುಂದೆ, ಕೆಳಗಿನ ಹಲ್ಲು ಎಲ್ಲೋ ಹಿಂದೆ, ನಡುವೆ ಇಡೀ ಶೇಂಗಾ ಬೀಜ ತೂರುವಷ್ಟು ಸಂದು. ಗದ್ದ ಅನ್ನುವುದು ನೇರವಾಗಿ ಕುತ್ತಿಗೆಗೆ ಇಳಿದುಬಿಡುತ್ತಿತ್ತು. ಶಾಲೆಯಲ್ಲಿ ಅವಳ ಹೆಸರು ಗಿಳಿ. ಹತ್ತನೇ ಕ್ಲಾಸಿನ ಫೋಟೋ ತೆಗೆಸಲು ಗಂಗಾವತಿಗೆ ಹೋದಾಗ ಸ್ಟುಡಿಯೋದವನು “ಸ್ವಲ್ಪ ಗದ್ದ ಎತ್ತವ್ವ” ಅಂದರೆ, ಜೊತೆಗೆ ಬಂದಿದ್ದ ಅಣ್ಣ ಗಾಳೇಶ, “ಇದ್ರ ಎತ್ತತಾಳ್ರಿ” ಅಂದಿದ್ದ. ಅವತ್ತು ಮನೆಗೆ ಬಂದು ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಈಗ ಅದೇ ಮಾತನ್ನು ಅವಳೇ ಎಲ್ಲರಿಗೂ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅಲ್ಲ, ನಗುತ್ತಿದ್ದಳು, ಇವತ್ತು ಬೆಳಗಿನ ತನಕ!

ಇನ್ನೊಂದು ಸಂಕಟ ಶೆಡ್ಡಿನದು. ಇಲ್ಲಿ ಹುರಿ ಹೊಸೆಯುವವರೆಲ್ಲ ನಾರಿನ ಒಂದು ತುದಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಲ್ಲಿ ಸರಸರ ತಿರುವುತ್ತಾರೆ. ಹುಲಗೆಮ್ಮನ ಹಲ್ಲು ಒಂದಕ್ಕೊಂದು ಮುಟ್ಟುತ್ತಲೇ ಇರಲಿಲ್ಲವಲ್ಲ, ಅವಳು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ಬಗ್ಗಿ ಹೊಸೆಯುತ್ತಿದ್ದಳು. ಆದರೂ ಶೆಡ್ಡಿನಲ್ಲೇ ನಂಬರ್ ಒನ್ ಹೆಣಿಗೆ ಅವಳದ್ದು! ಹೊಸಬರು ಬಂದರೆ ಕಲಿಸುವುದೂ ಅವಳೇ, ಮೆಲ್ಲನೆ, ಬಾಯಿಗೆ ಸೆರಗು ಹಿಡಿದು.

ಗಂಗಾವತಿಯ ಹಲ್ಲಿನ ಡಾಕ್ಟರ್ ಪ್ರಭುರಾಜ ಹದಿನೆಂಟು ತಿಂಗಳು ತಂತಿ ಹಾಕಿ ಹಲ್ಲು ನೆಟ್ಟಗೆ ಮಾಡಿದರು. ಆಮೇಲೆ ತಂತಿ ಇದ್ದ ಹಾಗೆಯೇ ದೊಡ್ಡ ಊರಿನ ದವಾಖಾನೆಗೆ ಕಳಿಸಿದರು. ಅಲ್ಲಿ ಕೆಳದವಡೆಯನ್ನು ಎರಡೂ ಬದಿ ಕತ್ತರಿಸಿ, ಮುಂದಕ್ಕೆ ಸರಿಸಿ, ಪ್ಲೇಟು ಸ್ಕ್ರೂ ಹಾಕಿ ಕೂರಿಸಿದರು. ಆರು ವಾರ ಬರೀ ಕುಡಿಯುವ ಊಟ. ಅವ್ವ ಹನುಮವ್ವ ಅಂಬಲಿ ಮಾಡಿದಳು, ಗಂಜಿ ಮಾಡಿದಳು, ರಾಗಿ ಮಾಲ್ಟ್ ಮಾಡಿದಳು. ಬಾಳೆತೋಟದ ಕೂಲಿ ಮುಗಿಸಿ ಬರುತ್ತಿದ್ದ ಅಪ್ಪ ತಿರುಪತಿ ದಿನಾ ಒಂದು ಹಣ್ಣಿನ ಗೊನೆಯ ತುದಿ ಹಿಡಿದುಕೊಂಡು ಬಂದ. ಐದನೇ ವಾರ ಹುಲಗೆಮ್ಮ ಮಿರ್ಚಿ ಬೇಕು ಅಂತ ಚೀಟಿ ಬರೆದಾಗ ಗಾಳೇಶ ಏನು ಮಾಡಿದ ಗೊತ್ತೇ? ನಾಲ್ಕು ಮಿರ್ಚಿ ಭಜಿ, ಒಂದು ಹಿಡಿ ಮಂಡಕ್ಕಿ, ಒಂದು ಲೋಟ ಮಜ್ಜಿಗೆ, ಎಲ್ಲಾ ಮಿಕ್ಸರಿಗೆ ಹಾಕಿ ಗರಗರ ತಿರುವಿ ಸ್ಟ್ರಾ ಹಾಕಿ ಕೊಟ್ಟ! ಅವಳು ಕುಡಿದಳು. ಇನ್ನೊಂದು ಲೋಟ ಕೇಳಿದಳು.

ಬಾವು ಇಳಿದ ಮೇಲೆ ಕನ್ನಡಿಯಲ್ಲಿ ಗದ್ದ ಇತ್ತು. ನಿಜವಾದ ಗದ್ದ! ಓಣಿಯ ಮುದುಕಿಯೊಬ್ಬಳು “ಯಾರ ಮನಿ ಬೀಗರವ್ವಾ ನೀ?” ಅಂತ ಕೇಳಿದಳು. ಹುಲಗೆಮ್ಮ ಶೆಡ್ಡಿಗೆ ಬಂದವಳೇ ಮೊದಲು ಮಾಡಿದ ಕೆಲಸ ಅಂದರೆ ನಾರಿನ ತುದಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿದದ್ದು, ಎಲ್ಲರ ಹಾಗೆ. ಮೆಹರಾಜ ಅದರ ಫೋಟೋ ತೆಗೆದಳು. ಅದು ಇವತ್ತಿಗೂ ಹುಲಗೆಮ್ಮನ ವಾಟ್ಸಾಪ್ ಡೀಪಿ.

ಈಗ ಇದು.

“ಸೋಮವಾರ ತಳಕಲ್ಲಿಗೆ ಹೋಗೂದು ಬ್ಯಾಡ ಬಿಡು,” ಅಂದಳು ಹುಲಗೆಮ್ಮ ಕೈಯ ಹಿಂದಿನಿಂದ.

ಯಲಬುರ್ಗಾ ಕಡೆಯ ತಳಕಲ್ಲಿನಲ್ಲಿ ಹೆಂಗಸರ ಸಂಘವೊಂದು ಬಾಳೆನಾರಿನ ಕೆಲಸ ಕಲಿಯಬೇಕು ಅಂತ ಕೂತಿತ್ತು. ಹತ್ತು ದಿನದ ತರಬೇತಿ, ಇಪ್ಪತ್ತು ಜನ. ಎದುರಿಗೆ ನಿಂತು ಕಲಿಸುವವಳು ಹುಲಗೆಮ್ಮ! ಸಂಘದ ಅಧ್ಯಕ್ಷೆ ಪಾರ್ವತೆಮ್ಮ ಇವತ್ತು ಸಂಜೆಯೊಳಗೆ ಹೂಂ ಅನ್ನಬೇಕು, ಇಲ್ಲಾ ಉಹೂಂ ಅನ್ನಬೇಕು ಅಂದಿದ್ದರು. ಆಧಾರ್ ಝೆರಾಕ್ಸ್ ಹುಡುಕಿದ್ದೂ ಅದಕ್ಕೇ.

“ಯಾಕ ಬ್ಯಾಡ?”

“ಹತ್ತು ದಿನ ಇಪ್ಪತ್ತು ಮಂದಿ ಮುಂದ ಬಾಯಿ ಬಿಡಬೇಕು. ದಿನಾ ಒಂದೀಟು ಹಿಂದ ಹಿಂದ ಹೋದ್ರ? ಕಡೀ ದಿನ ಅವರಿಗೆ ಗಿಳಿ ಕಾಣಬೇಕೇನು?”

“ಅಯ್ಯ, ದವಡಿ ಅಂದ್ರ ಏನು ರಿವರ್ಸ್ ಗೇರ್ ಐತೇನು! ನಡಿ, ಡಾಕ್ಟರ್ ಕಡೆ ಹೋಗೂಣು. ಗಾಳೇಶಗ ಫೋನ್ ಹಚ್ಚು.”

ಗಾಳೇಶನ ಆಟೋ ಹತ್ತೇ ನಿಮಿಷದಲ್ಲಿ ಬಂತು. ಹುಲಗೆಮ್ಮ ಎರಡೂ ಪಟ್ಟೆಗಳನ್ನು, ಹಸಿಯದ್ದನ್ನು ಒದ್ದೆ ಬಟ್ಟೆಯಲ್ಲಿ, ಹಳೆಯದ್ದನ್ನು ಕಾಗದದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತಳು. ಸುದ್ದಿ ಕೇಳಿ ಗಾಳೇಶ ಕನ್ನಡಿಯಲ್ಲಿ ತಂಗಿಯ ಮುಖ ನೋಡಿದ.

“ಎಲ್ಲಿ, ಬರೋಬ್ಬರಿ ಐತಲ್ಲ! ನನಗೇನ್ ಫರಕ್ ಕಾಣವಲ್ದು.”

“ನಿನಗ ರಸ್ತೇದಾಗಿನ ಹಂಪ ಕಾಣಂಗಿಲ್ಲ, ಸಾಸ್ವಿ ಕಾಳಿನಷ್ಟು ಹ್ಯಾಂಗ ಕಾಣ್ತೈತಿ?” ಅಂದಳು ಮೆಹರಾಜ, ಸರಿಯಾಗಿ ಆಟೋ ಒಂದು ಹಂಪಿನ ಮೇಲೆ ಎಗರಿದಾಗ.

“ಲೇ, ಮೆಲ್ಲಕ ಹೊಡಿಯೋ! ಅಲ್ಲಾಡಿ ಇನ್ನಷ್ಟು ಹಿಂದ ಹೋದೀತು!” ಹುಲಗೆಮ್ಮ ಎರಡೂ ಕೈಯಿಂದ ಗದ್ದ ಹಿಡಿದುಕೊಂಡಳು. ಅಲ್ಲಿಂದ ಗಂಗಾವತಿಯ ತನಕ ಹಾಗೇ ಹಿಡಿದುಕೊಂಡೇ ಬಂದಳು. ದಾರಿಯಲ್ಲಿ ಅವಳಿಗೆ ಒಂದೇ ಮಾತು ನೆನಪಾಗುತ್ತಿತ್ತು. ಆಪರೇಷನ್ನಿಗೆ ಮುಂಚೆ ಡಾಕ್ಟರ್ ಹೇಳಿದ್ದ ಮಾತು: “ಸರಿಸಿದ ದವಡಿ ಒಂದೀಟು ವಾಪಸ್ ಹೋಗೂ ಚಾನ್ಸ್ ಇರ್ತೈತಿ. ಭಾಳ ಹೋದ್ರ ಮತ್ತ ನೋಡಬೇಕಾಗ್ತೈತಿ.” ಮತ್ತೆ ನೋಡುವುದು ಅಂದರೆ ಏನು? ಮತ್ತೆ ಕತ್ತರಿಸುವುದಾ? ಮತ್ತೆ ಆರು ವಾರ ಸ್ಟ್ರಾ?

ಮಹಡಿ ಮೇಲಿನ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಲಲಿತಾ ಹುಲಗೆಮ್ಮನ ಮುಖ ನೋಡಿಯೇ ಸರತಿ ಇಲ್ಲದೆ ಒಳಗೆ ಬಿಟ್ಟಳು. ಡಾಕ್ಟರ್ ಪ್ರಭುರಾಜ ಕೈಗವಸು ತೊಡುತ್ತಾ ನಿಂತಿದ್ದರು. ಹುಲಗೆಮ್ಮ ಬಾಯಿ ತೆರೆಯುವ ಬದಲು ಗಂಟು ಬಿಚ್ಚಿ ಟ್ರೇ ಮೇಲೆ ಎರಡೂ ಪಟ್ಟೆ ಇಟ್ಟಳು. ಮೆಹರಾಜ ಪಕ್ಕದಲ್ಲಿ ಸಾಸಿವೆಯ ಪೊಟ್ಟಣ ಇಟ್ಟಳು.

“ಏನವ್ವಾ ಇದು? ಒಗ್ಗರಣಿ ಹಾಕಾಕ ಬಂದೀರೇನು?”

ಮೆಹರಾಜ ಒಂದೇ ಉಸಿರಿಗೆ ಎಲ್ಲಾ ಹೇಳಿದಳು. ಡಾಕ್ಟರ್ ಎರಡೂ ಪಟ್ಟೆಗಳನ್ನು ದೀಪಕ್ಕೆ ಹಿಡಿದು ನೋಡಿದರು. ನಗಲಿಲ್ಲ. ಅವರು ನಗದೇ ಇದ್ದದ್ದೇ ಹುಲಗೆಮ್ಮನಿಗೆ ಭಯ ಹೆಚ್ಚಿಸಿತು.

“ಕಡದ ಗುರುತು ಛಲೋ ಬಿದ್ದೈತಿ. ಒಂದು ಇದ್ದಿದ್ದು ಎರಡು ಆಗೇತಿ, ಹೌದು. ಎಕ್ಸ್‌ರೇ ತಗಿಯೂಣು.”

ತಲೆಯನ್ನು ಯಂತ್ರದಲ್ಲಿ ಅಲ್ಲಾಡದಂತೆ ನಿಲ್ಲಿಸಿ ಮುಖದ ಪಕ್ಕದಿಂದ ಎಕ್ಸ್‌ರೇ ತೆಗೆದರು. ಅಷ್ಟು ಹೊತ್ತೂ ಹುಲಗೆಮ್ಮ ಉಸಿರು ಹಿಡಿದಿದ್ದಳು, ಬಿಡು ಅಂತ ಲಲಿತಾ ಎರಡು ಸಲ ಹೇಳಬೇಕಾಯಿತು. ಡಾಕ್ಟರ್ ಫೈಲಿನಿಂದ ಹಳೆಯ ಎಕ್ಸ್‌ರೇಗಳನ್ನು ತೆಗೆದರು. ಆಪರೇಷನ್ನಿಗೆ ಮುಂಚಿನದು, ಆದ ತಿಂಗಳಿನದು, ತಂತಿ ಬಿಚ್ಚಿದ ದಿನದ್ದು. ಒಂದೊಂದರ ಮೇಲೂ ತೆಳು ಕಾಗದ ಇಟ್ಟು ಒಂದೊಂದು ಬಣ್ಣದಲ್ಲಿ ದವಡೆಯ ಗೆರೆ ಎಳೆದಿದ್ದರು: ಕಪ್ಪು, ನೀಲಿ, ಹಸಿರು. ಇವತ್ತಿನದಕ್ಕೆ ಕೆಂಪು ಪೆನ್ಸಿಲ್ ತೆಗೆದುಕೊಂಡರು. ಆ ಪೆನ್ಸಿಲ್ ಕಿವಿಯ ಹತ್ತಿರದಿಂದ ಇಳಿದು, ದವಡೆಯ ಮೂಲೆ ತಿರುಗಿ, ಗದ್ದದ ಕಡೆ ಬರುವಷ್ಟರಲ್ಲಿ ಹುಲಗೆಮ್ಮ ಮೆಹರಾಜಳ ಕೈಯನ್ನು ನಾರು ಹಿಂಡಿದ ಹಾಗೆ ಹಿಂಡಿಬಿಟ್ಟಿದ್ದಳು.

“ಯಾ ಅಲ್ಲಾ, ಬಿಡ! ನನ್ ಎಲುಬಿಗೂ ಎಕ್ಸ್‌ರೇ ತಗಸಬೇಕಾಗ್ತೈತಿ!”

ಡಾಕ್ಟರ್ ನಾಲ್ಕೂ ಕಾಗದ ಒಂದರ ಮೇಲೊಂದು ಜೋಡಿಸಿ ದೀಪದ ಪೆಟ್ಟಿಗೆಯ ಮೇಲೆ ಇಟ್ಟರು.

“ಬಾ ಇಲ್ಲಿ, ನೀನ ನೋಡು.”

ಕಪ್ಪು ಗೆರೆ ಎಲ್ಲೋ ಹಿಂದೆ ಒಂಟಿಯಾಗಿ ನಿಂತಿತ್ತು. ಅದು ಹಳೇ ಹುಲಗೆಮ್ಮ, ಗಿಳಿ. ಮುಂದೆ ನೀಲಿ. ನೀಲಿಗೆ ಅಂಟಿಕೊಂಡೇ ಹಸಿರು. ಕೆಂಪು? ಅವಳು ಬಗ್ಗಿ ಹುಡುಕಿದಳು. ಕೆಂಪು ಗೆರೆ ಹಸಿರಿನ ಮೇಲೇ ಕೂತಿತ್ತು, ಎರಡನ್ನೂ ಬೇರೆ ಮಾಡುವುದೇ ಕಷ್ಟ!

“ಆರು ಮಿಲಿಮೀಟರ್ ಮುಂದ ತಂದಿದ್ರು,” ಅಂದರು ಡಾಕ್ಟರ್. “ಎಲುಬು ಕೂಡಿಕೊಂತೈತಿ ಖರೆ, ಆದ್ರ ಸುತ್ತಲಿನ ಮಾಂಸಖಂಡಕ್ಕ ಹಳೇ ಜಾಗಾದ್ದ ರೂಢಿ, ಹಿಂದ ಎಳೀತಿರ್ತಾವು. ಎಳಿಯೂದು ಜಾಸ್ತಿ ಮೊದಲ್ನೇ ವರ್ಷದಾಗ. ನಿಂದು ಅರ್ಧ ಮಿಲಿಮೀಟರ್ ಹಿಂದ ಹೋಗೇತಿ. ಅದೂ ತಂತಿ ಬಿಚ್ಚೂದಕ್ಕಿಂತ ಮೊದಲ. ಆಮ್ಯಾಲೆ ಅಲ್ಲಾಡಿಲ್ಲ.”

“ಅಂದ್ರ?”

“ಅಂದ್ರ ನಿಂತೈತಿ. ಸಾಯೂ ತನಕ ಕೂದಲೆಳಿಯಷ್ಟೂ ಸರಿಯಂಗಿಲ್ಲ ಅಂತ ನಾ ಬರದು ಕೊಡಂಗಿಲ್ಲ. ಆದ್ರ ಒಂದೂವರಿ ವರ್ಷಕ್ಕ ಇಷ್ಟು ಗಟ್ಟಿ ನಿಂತಿದ್ದು ನೋಡಿ ನನಗ ಖುಷಿ ಆಗೇತಿ.” ಅವರು ಸ್ಟೀಲಿನ ಸಣ್ಣ ಸ್ಕೇಲು ತೆಗೆದು ಅವಳ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವಿನ ಸಂದು ಅಳೆದರು, ಆಮೇಲೆ ತಂತಿ ಬಿಚ್ಚಿದ ದಿನ ಮಾಡಿಟ್ಟಿದ್ದ ಸುಣ್ಣದ ಅಚ್ಚನ್ನೂ ಅಳೆದರು. “ಇವತ್ತು ಮೂರು ಮಿಲಿಮೀಟರ್. ಅವತ್ತೂ ಮೂರ. ಹಂಗಾದ್ರ ಈ ನಿನ್ ಪಟ್ಟಿ ಯಾಕ ಸುಳ್ಳ ಹೇಳ್ತೈತಿ? ಇದು ನನಗ ತಿಳೀವಲ್ದು ನೋಡು.”

ಹುಲಗೆಮ್ಮ ಹಳೆಯ ಪಟ್ಟೆಯನ್ನು ಕೈಗೆತ್ತಿಕೊಂಡಳು. ಬೆಳಗಿನಿಂದ ಅವಳು ಅದರ ಮೇಲಿನ ಹಲ್ಲಿನ ಗುರುತನ್ನು ಮಾತ್ರ ನೋಡಿದ್ದಳು. ಈಗ ಮೊದಲ ಸಲ ಪಟ್ಟೆಯನ್ನು ನೋಡಿದಳು. ಕಂದು ಬಣ್ಣ, ಅಂಚು ಒಳಗೆ ಸುರುಳಿ. ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಪೆನ್ನಿನಿಂದ ಬರೆದ ತಾರೀಖು ಕಣ್ಣಿಗೆ ಬಿತ್ತು. ಅವಳ ಅಂಕಿ ಯಾವಾಗಲೂ ಗುಂಡಗೆ, ದಪ್ಪಗೆ. ಇಲ್ಲಿ ಎಲ್ಲಾ ಅಂಕಿಗಳೂ ಬಾಗಿಲ ಸಂದಿನಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಚಪ್ಪಟೆಯಾಗಿದ್ದವು!

“ಅಯ್ಯಯ್ಯೋ!” ಅಂದಳು ಹುಲಗೆಮ್ಮ. “ಅಯ್ಯಯ್ಯೋ ನನ್ ಮಾರಿಗಿಷ್ಟು! ಇದು ಒಣಗೇತ್ರಿ ಸರ!”

“ಒಣಗಿದ್ರ?”

“ಬಾಳಿಪಟ್ಟಿ ಒಣಗಿದ್ರ ಉದ್ದ ಅಷ್ಟ ಇರ್ತೈತ್ರಿ, ಅಡ್ಡ ಅರ್ಧಕ್ಕರ್ಧ ಸೊರಗ್ತೈತಿ. ಇಲ್ನೋಡ್ರಿ, ಎಳಿ ಎಲ್ಲಾ ಹಿಂಗ ಉದ್ದಕ ಅದಾವು, ಅವುಗಳ ನಡುವ ಬರೇ ನೀರು. ನೀರು ಹೋತಂದ್ರ ಎಳಿಗೆ ಎಳಿ ಬಂದು ಕೂಡ್ತಾವು. ನಾ ಪಟ್ಟಿ ಅಡ್ಡ ಹಿಡದು ಕಡದೀನಲ್ರಿ? ಹಲ್ಲಿನ ಸಂದು ಬಿದ್ದಿದ್ದು ಸೊರಗೂ ದಿಕ್ಕಿಗೇ! ಅವತ್ತು ಇದರಾಗೂ ಎರಡ ಸಾಸ್ವಿ ಹಿಡೀತಿದ್ವು. ನನ್ ದವಡಿ ಹಿಂದ ಹೋಗಿಲ್ರಿ, ಪಟ್ಟಿ ಸಣ್ಣ ಆಗೇತ್ರಿ!”

ಅವಳು ಹಸಿ ಪಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಉಗುರಿನಿಂದ ಎಳೆ ಬಿಡಿಸಿ ತೋರಿಸಿ, ಮುರಿದು, ಬಗ್ಗಿಸಿ, ಡಾಕ್ಟರಿಗೆ ಪಾಠ ಮಾಡತೊಡಗಿದಳು. ಎರಡೂ ಕೈಗೆ ಕೆಲಸ ಇತ್ತಲ್ಲ, ಬಾಯಿ ಮುಚ್ಚಿಕೊಳ್ಳಲು ಯಾವ ಕೈಯೂ ಉಳಿದಿರಲಿಲ್ಲ. ಡಾಕ್ಟರ್ ಕೈಗವಸು ಕಳಚಿ ಪಟ್ಟೆ ಮುಟ್ಟಿ ಮುಟ್ಟಿ ಕೇಳಿದರು. ಲಲಿತಾ ಹೊರಗಿನ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ಕೇಳಿದಳು.

ಮೆಹರಾಜ ಹಣೆ ಹಣೆ ಬಡಿದುಕೊಂಡಳು. “ಸತ್ಯಾನಾಶ! ಹಸೀ ಪಟ್ಟಿಗೆ ಅಳತಿ ಹಿಡೀಬ್ಯಾಡ್ರಿ, ಒಣಗಿಂದ ಅಳೀರಿ ಅಂತ ಹೊಸಾ ಹುಡುಗ್ಯಾರಿಗೆ ಮೊದಲ್ನೇ ದಿನಾನ ಬೈಯಾಕಿ ಇಕೀನ ಸರ! ಹೋದ ವಾರ ರಂಜಿತಾನ ಬುಟ್ಟಿ ಸಡಲಾತು ಅಂತ ಪಾಪ ಆ ಹುಡುಗೀನ ಅಳಿಸ್ಯಾಳ. ಈಗ ನೋಡ್ರಿ, ಹನ್ನೊಂದು ಮಂದಿ ಕುಂತಿದ್ರು, ಮ್ಯಾಲೆ ನಾವಿಬ್ಬರು. ಎಲ್ಲಾರೂ ಪಟ್ಟಿಯೊಳಗ ಹುಟ್ಟಿ ಪಟ್ಟಿಯೊಳಗ ಬೆಳದವ್ರ. ಒಬ್ಬಾಕಿಗರ ಹೊಳೀಬಾರದಾ?”

“ಹಲ್ಲು ನೋಡಾಕ ಹತ್ತಿದ್ವಿ ಬೇ, ಪಟ್ಟಿ ಯಾರು ನೋಡ್ಯಾರ!” ಅಂದಳು ಹುಲಗೆಮ್ಮ. ಅಂದವಳೇ ನಗತೊಡಗಿದಳು. ನಗು ಹತ್ತಿ ಕಣ್ಣಲ್ಲಿ ನೀರು ಬಂತು, ಕುರ್ಚಿಯ ಹಿಡಿಕೆ ಹಿಡಿದುಕೊಂಡು ನಕ್ಕಳು, ಲಲಿತಾ ನಕ್ಕಳು, ಹೊರಗೆ ಹಲ್ಲುನೋವಿನಿಂದ ಕೆನ್ನೆ ಹಿಡಿದು ಕೂತಿದ್ದವರು ಕೂಡ ಏನೋ ಏನೋ ಅಂತ ಇಣುಕಿ ನಕ್ಕರು.

“ನಗಾಕತ್ತೀದಿ, ಹಂಗ ಬಾಯಿ ತೆರದಿರು,” ಅಂತ ಡಾಕ್ಟರ್ ಆ ನಗುವಿನೊಳಗೇ ಕನ್ನಡಿ ತೂರಿಸಿದರು. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ, ಹಲ್ಲು ಚದುರದಿರಲಿ ಅಂತ ಅಂಟಿಸಿದ ಸಣ್ಣ ತಂತಿ ಇತ್ತು. ಅವರು ಅದನ್ನು ಕೊಕ್ಕೆಯಿಂದ ತಟ್ಟಿದರು. ಟಿಕ್ ಅಂತು.

“ಹ್ಞಾ. ದವಡಿ ಗಟ್ಟಿ ಐತಿ, ತಂತಿ ಸಡಲಾಗೇತಿ. ಎರಡು ಹಲ್ಲಿನ್ಯಾಗ ಅಂಟು ಬಿಟ್ಟೈತಿ. ಏನ್ ಕಡೀತೀ ನೀ? ಕಟಕ ರೊಟ್ಟಿ?”

ಹುಲಗೆಮ್ಮ ಸೆರಗಿನ ಅಂಚು ನೋಡತೊಡಗಿದಳು. ಮೆಹರಾಜ ಸುಮ್ಮನಿರುವ ಪೈಕಿ ಅಲ್ಲ.

“ನಾರು ಕಡೀತಾಳ್ರಿ ಸರ! ದಿನಾ ಆರು ತಾಸು ಹಲ್ಲಿನ್ಯಾಗ ತುದಿ ಹಿಡದು ಎಳೀತಾಳ. ನಾವರ ಬ್ಯಾಸರಾದ್ರ ಬಿಡ್ತೀವಿ, ಇಕೀ ಬಿಡಂಗಿಲ್ಲ. ಹೊಸಾ ಹಲ್ಲಿನ ಹುರುಪು!”

“ಎಲ್ಲಾರೂ ಹಂಗ ಮಾಡ್ತಾರ್ರಿ,” ಅಂದಳು ಹುಲಗೆಮ್ಮ. “ನನಗ ಮೊದಲ ಬರ್ತಿದ್ದಿಲ್ಲ. ಈಗ ಬರ್ತೈತಿ.”

ಡಾಕ್ಟರ್ ಕೊಕ್ಕೆಯನ್ನು ಟ್ರೇಗೆ ಇಟ್ಟರು. ಆಮೇಲೆ ಮೆಲ್ಲನೆ ಹೇಳಿದರು. “ಬರ್ತೈತಿ, ಅದ ನನಗೂ ಛಲೋ ಅನಸ್ತೈತಿ. ಆದ್ರ ದವಡಿ ನಿಲ್ಲಿಸಿದ್ದು ಸ್ಕ್ರೂ ಮತ್ತ ಎಲುಬು. ಹಲ್ಲು ನಿಲ್ಲಿಸೂದು ಈ ತಂತಿ. ನೀ ದಿನಾ ಮುಂದಕ್ಕ ಎಳದ್ರ ಹಲ್ಲು ಮುಂದ ಬಾಗ್ತಾವು, ಆಮ್ಯಾಲೆ ಮ್ಯಾಲಿನ ಕೆಳಗಿನ ಹಲ್ಲು ಕೂಡೂದು ಕೆಡ್ತೈತಿ. ಆವಾಗ ಸಾಸ್ವಿ ಖರೇನ ಹೇಳ್ತೈತಿ. ಗ್ವಾಡಿಗೆ ಒಂದು ಮೊಳಿ ಹೊಡಕೋ, ಅದಕ್ಕ ಕಟ್ಟು.”

“ಮೊಳಿ ನಾನ ಹೊಡೀತೀನ್ರಿ,” ಅಂದಳು ಮೆಹರಾಜ. “ಹದಿಮೂರು ಮೊಳಿ. ಎಲ್ಲಾರೂ ಅದಕ್ಕ ಕಟ್ಲಿ, ಇಕೀ ಒಬ್ಬಾಕಿಗೆ ಯಾಕ ಬ್ಯಾಸರ.”

ಹೊಸ ತಂತಿಗೆ ಅಳತೆ ಬೇಕಿತ್ತು. ಗುಲಾಬಿ ಬಣ್ಣದ ಹಿಟ್ಟು ಕಲಸಿ ಅವಳ ಬಾಯಿಗೆ ಒತ್ತಿ ಹಿಡಿದರು. ಅದು ಸ್ಟ್ರಾಬೆರಿ ವಾಸನೆ, ರುಚಿ ಮಾತ್ರ ಗೋಡೆಗೆ ಬಳಿಯುವ ಸುಣ್ಣದ್ದು! ಹಿಟ್ಟು ಗಟ್ಟಿಯಾಗುವ ತನಕ ಮಾತಾಡುವ ಹಾಗಿಲ್ಲ. ಆ ಮೂರು ನಿಮಿಷ ಮೆಹರಾಜ ಎರಡು ಊರಿನ ಸುದ್ದಿ ಹೇಳಿ ಮುಗಿಸಿದಳು.

“ತಂತಿ ತಯಾರಾಗಾಕ ಒಂದು ವಾರ ಬೇಕು,” ಅಂದರು ಡಾಕ್ಟರ್ ಅಚ್ಚು ತೆಗೆದು. “ಮುಂದಿನ ಬುಧವಾರ ಬಾ. ಅಲ್ಲೀ ತನಕ ಮೆತ್ತಗಿಂದು ತಿನ್ನು.”

“ಬುಧವಾರ ನಾ ತಳಕಲ್ಲಿನ್ಯಾಗ ಇರ್ತೀನಲ್ರಿ,” ಅಂದಳು ಹುಲಗೆಮ್ಮ.

ಅಂದು ಮುಗಿದ ಮೇಲೆ ತಾನು ಏನಂದೆ ಅಂತ ಅವಳಿಗೇ ಕೇಳಿಸಿತು. ಮೆಹರಾಜ ಹುಬ್ಬು ಮೇಲೆತ್ತಿ ಅವಳನ್ನೇ ನೋಡುತ್ತಿದ್ದಳು.

“ಇರ್ತೀಯೇನು?”

“ಮತ್ತ? ಇಪ್ಪತ್ತು ಮಂದಿ ಹಸೀ ಪಟ್ಟಿ ಅಳದು ಬುಟ್ಟಿ ಕೆಡಿಸ್ಲೇನು? ಯಾರರ ಹೇಳಬೇಕಲ್ಲ!”

ತುಟಿಯ ಅಂಚಿಗೆ ಗುಲಾಬಿ ಹಿಟ್ಟು ಅಂಟಿಕೊಂಡಿದ್ದ ಹಾಗೆಯೇ ಅವಳು ಪಾರ್ವತೆಮ್ಮನಿಗೆ ಫೋನ್ ಹಚ್ಚಿದಳು. ಸೋಮವಾರ ಬೆಳಗ್ಗೆ ಬರ್ತೀನ್ರಿ ಅಂದಳು. ಎರಡು ದಿನ ಮುಂಚೆಯೇ ದಿಂಡು ಕಡಿಸಿ ಇಡ್ರಿ, ನೆರಳಿನಲ್ಲಿ ಇಡ್ರಿ ಅಂದಳು. ಬುಧವಾರ ಒಂದು ದಿನ ನನಗೆ ಸೂಟಿ ಬೇಕ್ರಿ ಅಂತಲೂ ಅಂದಳು, ಅದೂ ಎಷ್ಟು ಗಟ್ಟಿ ದನಿಯಲ್ಲಿ ಅಂದರೆ ಕೆಳಗೆ ಆಟೋದಲ್ಲಿ ಕೂತಿದ್ದ ಗಾಳೇಶ ಮೇಲೆ ನೋಡಿದ.

“ಸೂಟಿ ಯಾಕವ್ವಾ? ಮೊದಲ್ನೇ ವಾರಾನ?” ಪಾರ್ವತೆಮ್ಮನ ದನಿ ಫೋನಿನಿಂದ ಎಲ್ಲರಿಗೂ ಕೇಳಿಸಿತು.

“ಹಲ್ಲಿಗೆ ತಂತಿ ಹಾಕಿಸ್ಕೊಬೇಕ್ರಿ. ಹೊತ್ತು ಮುಳುಗೂದ್ರಾಗ ವಾಪಸ್ ಬರ್ತೀನಿ. ಅವತ್ತಿನ ಹೆಣಿಗಿ ಎಲ್ಲಾರೂ ಮುಗಸಿ ಇಟ್ಟಿರ್ಬೇಕ್ರಿ ಮತ್ತ, ಬಂದು ನೋಡ್ತೀನಿ!”

“ಅಬಬಬಾ, ಈಗ ಮಾಸ್ತರ್‌ಗಿತ್ತಿ ಆದಳಲ್ಲ!” ಅಂತ ನಗುತ್ತಾ ಪಾರ್ವತೆಮ್ಮ ಫೋನ್ ಇಟ್ಟರು.

ಲಲಿತಾ ದೊಡ್ಡ ಪುಸ್ತಕ ಬಿಡಿಸಿ ಪೆನ್ನು ಹಿಡಿದಳು. “ಬುಧವಾರ ಎಷ್ಟಕ್ಕ ಬರಕೊಳ್ಲಿ?”

ಹುಲಗೆಮ್ಮ ಬೆರಳಲ್ಲಿ ಲೆಕ್ಕ ಹಾಕಿದಳು. ತಳಕಲ್ಲಿನಿಂದ ಬೆಳಗಿನ ಬಸ್ಸಿಗೆ ಕೊಪ್ಪಳ, ಅಲ್ಲಿಂದ ಗಂಗಾವತಿ. ಬಸ್‌ಸ್ಟ್ಯಾಂಡಿಗೆ ಗಾಳೇಶ ಬರುತ್ತಾನೆ. ಮೆಹರಾಜ ಆನೆಗೊಂದಿಯಿಂದ ಅವನ ಆಟೋದಲ್ಲೇ ಬರುತ್ತಾಳೆ, ಬೇಡ ಅಂದರೂ ಬರುತ್ತಾಳೆ.

“ಹನ್ನೊಂದೂವರಿ ಬರ್ಕೋರಿ,” ಅಂದಳು. “ಮೂರು ಮಂದಿ ಬರ್ತೀವಿ, ಕುರ್ಚಿ ಹಿಡದಿಡ್ರಿ.”